ಮಲೇರಿಯಾ ಔಷಧಿ ಹೊಡೆದ ಮೇಲೆ ಗೋಡೆ ತೊಳೆಯಬೇಡಿ

ಮನೆಯೊಳಗೆ ಮಲೇರಿಯಾ ಔಷಧಿ ಹೊಡೆಯಲು ಬರುತ್ತಾರೆಂದು ತಿಳಿದರೆ, ಸುಣ್ಣಬಣ್ಣದ ಕೆಲಸವಿದ್ದರೆ ಮೊದಲೇ ಮುಗಿಸಿಬಿಡಿ. ಈ ಔಷಧಿ ಕೆಲಸ ಮಾಡುವುದು ಗಾಳಿಯಲ್ಲಲ್ಲ, ಗೋಡೆಯ ಮೇಲೆ. ರಕ್ತ ಕುಡಿದು ಹೊಟ್ಟೆ ಭಾರವಾದ, ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಸಾಮಾನ್ಯವಾಗಿ ಹತ್ತಿರದ ಗೋಡೆಯಲ್ಲೇ ಕೂರುತ್ತದೆ. ಅಲ್ಲಿ ಅಂಟಿದ ಔಷಧಿ ತಗುಲಿ ಸಾಯುತ್ತದೆ. ಆಮೇಲೆ ಸುಣ್ಣ ಬಳಿದರೆ, ಸಾರಿಸಿದರೆ, ತೊಳೆದರೆ ಅಷ್ಟೂ ವ್ಯರ್ಥ. ಬಿಳಿ ಕಲೆ ಕಂಡರೂ ಸಹಿಸಿಕೊಳ್ಳಿ. ಔಷಧಿ ಯಾವುದು, ಗೋಡೆ ಎಂಥದ್ದು ಎಂಬುದನ್ನು ಅವಲಂಬಿಸಿ ಪರಿಣಾಮ ಕೆಲವು ತಿಂಗಳು ಉಳಿಯುತ್ತದೆ. ಮಣ್ಣಿನ ಗೋಡೆ ಔಷಧಿ ಹೀರಿಕೊಳ್ಳುವುದು ಹೆಚ್ಚು, ಅಲ್ಲಿ ಪರಿಣಾಮ ಬೇಗ ಕುಂದುತ್ತದೆ.

ಔಷಧಿ ಹೊಡೆಯುವ ದಿನ ಊಟದ ಪದಾರ್ಥ, ಕುಡಿಯುವ ನೀರು, ಪಾತ್ರೆ, ಹಾಸಿಗೆ ಎಲ್ಲ ಹೊರಗಿಡಿ. ಮಂಚ, ಕಪಾಟು ಕೋಣೆಯ ನಡುವಿಗೆ ಎಳೆದು ಮುಚ್ಚಿ, ಇಲ್ಲದಿದ್ದರೆ ಅವುಗಳ ಹಿಂದಿನ ಗೋಡೆಯೇ ಬಿಟ್ಟುಹೋಗುತ್ತದೆ. ಸೊಳ್ಳೆಗೆ ಇಷ್ಟವಾದ ಕತ್ತಲ ಮೂಲೆ ಅದೇ ತಾನೆ! ಮೀನಿನ ತೊಟ್ಟಿ ಖಂಡಿತ ಹೊರಗೆ, ಗೋಡೆಗೆ ಹೊಡೆಯುವ ಪೈರೆಥ್ರಾಯ್ಡ್ ಎಂಬ ಬಗೆಯ ಕೀಟನಾಶಕ ಮೀನಿಗೆ ವಿಷ.

ಗೋಡೆ ಪೂರ್ತಿ ಒಣಗುವವರೆಗೆ ಹೊರಗಿರಿ. ಆಮೇಲೆ ಕಿಟಕಿ ತೆರೆದು, ನೆಲ ಗುಡಿಸಿದ ನಂತರವೇ ಮಕ್ಕಳನ್ನು, ಸಾಕುಪ್ರಾಣಿಗಳನ್ನು ಬಿಡಿ. ಸತ್ತ ಹುಳುಗಳನ್ನು ಕೋಳಿ ತಿನ್ನದಂತೆ ಹೂತುಬಿಡಿ.

ಮಲಗುವ ಕೋಣೆ ಬಿಟ್ಟು ಉಳಿದದ್ದಕ್ಕೆ ಹೊಡೆಯಿರಿ ಅನ್ನುವವರಿದ್ದಾರೆ. ಮುಖ್ಯವಾಗಿ ಬೇಕಿರುವುದೇ ಅಲ್ಲಿ. ಸೊಳ್ಳೆಪರದೆಯನ್ನೂ ಬಿಡಬೇಡಿ, ಗೋಡೆಯ ಔಷಧಿ ಕಡಿತವನ್ನು ಪೂರ್ತಿ ತಡೆಯುವುದಿಲ್ಲ.