ಟ್ರೌಟ್‌ಗೆ ಯಾವ ಫ್ಲೈ? ಮೊದಲು ಅಳತೆ, ಬಣ್ಣ ಕೊನೆಗೆ

ಟ್ರೌಟ್ ತಣ್ಣೀರಿನ ಹೊಳೆಯ ಮೀನು. ಅದನ್ನು ಹಿಡಿಯಲು ಗಾಳಕ್ಕೆ ಗರಿ, ನೂಲು ಸುತ್ತಿ ಮಾಡಿದ ನಕಲಿ ಹುಳವೇ ಫ್ಲೈ. ಫ್ಲೈ ಪೆಟ್ಟಿಗೆ ತೆರೆಯುವ ಮೊದಲು ಹೊಳೆಯಲ್ಲಿ ಮೂರ್ನಾಲ್ಕು ಕಲ್ಲು ಎತ್ತಿ ಮಗುಚಿ ನೋಡಿ. ಕಲ್ಲಿನ ಅಡಿಗೆ ಅಂಟಿಕೊಂಡಿರುವ ಮರಿಹುಳಗಳೇ ಅಲ್ಲಿನ ಟ್ರೌಟ್‌ನ ನಿತ್ಯದ ಊಟ. ಬಾಲದಲ್ಲಿ ಮೂರು ಎಳೆ, ಹೊಟ್ಟೆಯ ಎರಡೂ ಅಂಚಿನಲ್ಲಿ ಅಲುಗುವ ಕಿವಿರು ಕಂಡರೆ ಸಾಮಾನ್ಯವಾಗಿ ಅದು ಮೇಫ್ಲೈ ಮರಿ. ಎರಡೇ ಎಳೆ, ಪ್ರತಿ ಕಾಲಿನ ತುದಿಯಲ್ಲಿ ಜೋಡಿ ಉಗುರು ಇದ್ದರೆ ಸ್ಟೋನ್‌ಫ್ಲೈ. ಮರಳು, ಕಡ್ಡಿಚೂರು ಅಂಟಿಸಿ ಮಾಡಿಕೊಂಡ ಕೊಳವೆಯೊಳಗೆ ಕೂತಿದ್ದರೆ ಕ್ಯಾಡಿಸ್. ನೋಡಿಯಾದ ಮೇಲೆ ಕಲ್ಲನ್ನು ಇದ್ದ ಹಾಗೇ ಇಟ್ಟುಬಿಡಿ.

ಒಂದು ಹುಳವನ್ನು ಒದ್ದೆ ಅಂಗೈ ಮೇಲೆ ಇಟ್ಟು, ಪಕ್ಕದಲ್ಲೇ ನಿಮ್ಮ ಫ್ಲೈ ಇಡಿ. ಬಾಲ ಬಿಟ್ಟು ಮೈಯ ಉದ್ದ ಮಾತ್ರ ಹೋಲಿಸಿ. ಹೊಸಬರು ಬಣ್ಣ ಹುಡುಕುತ್ತಾ ಕೂರುತ್ತಾರೆ. ಮೀನು ತಿರಸ್ಕರಿಸುವುದು ಹೆಚ್ಚಾಗಿ ಅಳತೆ ತಪ್ಪಿದಾಗ. ಗಾಳದ ನಂಬರ್ ಹೆಚ್ಚಿದಷ್ಟೂ ಗಾಳ ಚಿಕ್ಕದು: 12 ದೊಡ್ಡದು, 18 ಸಣ್ಣದು. 12ರಿಂದ 18ರೊಳಗೆ ಬಹುಪಾಲು ಕೆಲಸ ನಡೆಯುತ್ತದೆ. ಮಿಜ್‌ನಂಥ ಪುಟ್ಟ ಹುಳಗಳಿಗೆ 20, 22 ಬೇಕಾಗುತ್ತದೆ. ಎರಡು ಅಳತೆಗಳ ನಡುವೆ ಅನುಮಾನ ಬಂದರೆ ಸಣ್ಣದನ್ನೇ ಕಟ್ಟಿ.

ಆಮೇಲೆ ಆಳ. ನೀರಿನ ಮೇಲ್ಮೈಯನ್ನು ಹತ್ತು ನಿಮಿಷ ಸುಮ್ಮನೆ ಗಮನಿಸಿ, ಇದರಲ್ಲಿ ಅವಸರ ಬೇಡವೇ ಬೇಡ. ಮೀನಿನ ಮೂತಿ ಮೇಲೆ ಬಂದು ಗುಳ್ಳೆಯೊಂದು ಉಳಿದರೆ ಅದು ಮೇಲೆ ತೇಲುವುದನ್ನು ತಿನ್ನುತ್ತಿದೆ. ಆಡಮ್ಸ್‌ನಂಥ ಡ್ರೈ ಫ್ಲೈ, ಅಂದರೆ ಮೇಲೆ ತೇಲುವ ಫ್ಲೈ, ಹಾಕಿ. ನೀರು ಚಿಮ್ಮಿಸಿ ಎಗರುತ್ತಿದ್ದರೆ ಕ್ಯಾಡಿಸ್ ಇರಬಹುದು, ಎಲ್ಕ್ ಹೇರ್ ಕ್ಯಾಡಿಸ್ ಎಂಬ ಫ್ಲೈ ಪ್ರಯತ್ನಿಸಿ. ಬೆನ್ನು, ಬಾಲ ಮಾತ್ರ ಕಂಡು ಮೂತಿ ಕಾಣದಿದ್ದರೆ ಮೋಸಹೋಗಬೇಡಿ: ಅದು ತಿನ್ನುತ್ತಿರುವುದು ಮೇಲ್ಮೈಗೆ ತುಸು ಕೆಳಗೆ, ರೆಕ್ಕೆ ಬಿಚ್ಚಲು ಹೆಣಗುತ್ತಿರುವ ಹುಳವನ್ನು. ಅಲ್ಲಿ ಡ್ರೈ ಫ್ಲೈ ಎಷ್ಟು ಎಸೆದರೂ ವ್ಯರ್ಥ, ಆ ಹುಳವನ್ನು ಹೋಲುವ ಎಮರ್ಜರ್ ಬೇಕು.

ಮೇಲೆ ಏನೂ ಕಾಣದಿದ್ದರೆ ನಿಂಫ್, ಅಂದರೆ ಮರಿಹುಳವನ್ನು ಹೋಲುವ, ಮುಳುಗುವ ಫ್ಲೈ. ಟ್ರೌಟ್ ತನ್ನ ಆಹಾರದ ಬಹುಭಾಗವನ್ನು ನೀರಿನೊಳಗೇ ಹಿಡಿಯುತ್ತದೆ. ಫೆಸೆಂಟ್ ಟೇಲ್, ಹೇರ್ಸ್ ಇಯರ್ ಎರಡನ್ನೂ 14 ಮತ್ತು 16ರಲ್ಲಿ ಇಟ್ಟುಕೊಂಡರೆ ಬಹಳಷ್ಟು ಹೊಳೆಗಳಿಗೆ ಸಾಕು. ಇಲ್ಲಿ ಮುಖ್ಯವಾದದ್ದು ಭಾರ. ಫ್ಲೈ ಆಗಾಗ ತಳಕ್ಕೆ ತಾಗಬೇಕು. ಒಮ್ಮೆಯೂ ತಾಗದಿದ್ದರೆ ಫ್ಲೈ ತಲೆಯಲ್ಲಿ ಹಿತ್ತಾಳೆ ಮಣಿ ಇರುವುದರ ಬದಲು ಅದೇ ಗಾತ್ರದ ಟಂಗ್‌ಸ್ಟನ್ ಮಣಿಯದನ್ನು ಕಟ್ಟಿ, ಬೇಗ ಮುಳುಗುತ್ತದೆ. ಪ್ರತಿ ಎಸೆತಕ್ಕೂ ಕಲ್ಲಿಗೆ ಸಿಕ್ಕಿಕೊಳ್ಳುತ್ತಿದ್ದರೆ ಭಾರ ಹೆಚ್ಚಾಯಿತು. ಮಳೆ ಬಂದು ನೀರು ಕೆಂಪಾಗಿದ್ದರೆ ಸಣ್ಣ ನಿಂಫ್ ಮೀನಿನ ಕಣ್ಣಿಗೇ ಬೀಳದು. 8 ಅಥವಾ 10ರ ಕಪ್ಪು ವೂಲಿ ಬಗ್ಗರ್ ಎಂಬ ದೊಡ್ಡ ಫ್ಲೈ ದಡದಂಚಿನಲ್ಲಿ ಎಳೆಯಿರಿ.

ತುದಿಯ ತಂಗೂಸಿ, ಅಂದರೆ ಟಿಪ್ಪೆಟ್, ಫ್ಲೈಗೆ ಹೊಂದಬೇಕು. ಗಾಳದ ನಂಬರನ್ನು ಮೂರರಿಂದ ಭಾಗಿಸಿದರೆ ಸರಿಸುಮಾರು ಟಿಪ್ಪೆಟ್‌ನ ದಪ್ಪ ಸೂಚಿಸುವ ಎಕ್ಸ್ ನಂಬರ್ ಸಿಗುತ್ತದೆ: 12ಕ್ಕೆ 4ಎಕ್ಸ್, 16ಕ್ಕೆ 5ಎಕ್ಸ್ (ಸುಮಾರು 0.15 ಮಿ.ಮೀ.). ದಪ್ಪ ಎಳೆಗೆ ಸಣ್ಣ ಫ್ಲೈ ಕಟ್ಟಿದರೆ ಸಹಜವಾಗಿ ತೇಲದು. ತೆಳು ಎಳೆಗೆ ದೊಡ್ಡದು ಕಟ್ಟಿದರೆ ಎಸೆಯುವಾಗ ಗಿರಗಿರನೆ ತಿರುಗಿ ಎಳೆ ತಿರುಚಿಕೊಳ್ಳುತ್ತದೆ.

ಮೀನು ಹತ್ತಿರ ಬಂದು ವಾಪಸು ಹೋಯಿತೇ? ಫ್ಲೈ ಬದಲಿಸುವ ಮೊದಲು ಅದು ಪಕ್ಕದ ನೊರೆಯ ವೇಗದಲ್ಲೇ ತೇಲುತ್ತಿದೆಯೇ ನೋಡಿ. ಹಿಂದೆ ಸಣ್ಣ ಗೆರೆ ಮೂಡುತ್ತಿದ್ದರೆ ದಾರ ಅದನ್ನು ಎಳೆಯುತ್ತಿದೆ. ನಿಂತ ಜಾಗ ಬದಲಿಸಿ, ಅದೇ ಫ್ಲೈ ಇನ್ನೊಮ್ಮೆ ಎಸೆಯಿರಿ. ಸರಿಯಾಗಿ ತೇಲಿಯೂ ಒಲ್ಲೆ ಎಂದರೆ ಒಂದು ಅಳತೆ ಇಳಿಸಿ, ನಂತರ ಆಕಾರ, ಎಲ್ಲಕ್ಕಿಂತ ಕೊನೆಗೆ ಬಣ್ಣ.

ಮೀನು ಕಚ್ಚಿದ ಡ್ರೈ ಫ್ಲೈ ಲೋಳೆ ಹತ್ತಿ ಮುಳುಗುತ್ತದೆ. ನೀರಿನಲ್ಲಿ ಅಲುಬಿ, ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಆಮೇಲಷ್ಟೇ ತೇಲಿಸುವ ಜೆಲ್ಲನ್ನು ಬೆರಳ ತುದಿಯಲ್ಲಿ ತೆಳ್ಳಗೆ ಸವರಿ. ಹೆಚ್ಚು ಮೆತ್ತಿದರೆ ಗರಿಗಳು ಅಂಟಿಕೊಂಡು ಇನ್ನೂ ಬೇಗ ಮುಳುಗುತ್ತದೆ. ಮತ್ತೆ ಎಸೆಯುವ ಮುನ್ನ ಗಾಳದ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆಯಿರಿ. ಗೀರಿ ನಿಂತರೆ ಸರಿ, ಜಾರಿದರೆ ಮೊನೆ ಮಸೆಯಿರಿ.