ಹಡಗಿನ ಖರ್ಚು ಪೂರ್ತಿ ಕ್ಯಾಶಲ್ಲೇ ಮುಗಿಸಿದ್ದು, ನನ್ನ ಅನುಭವ

ಬ್ಯಾಂಕ್ ಕಾರ್ಡ್ ಕೊಡ್ದೆ ಕ್ರೂಸಲ್ಲಿ ಆಗೋದೇ ಇಲ್ಲ ಅಂತ ಎಲ್ರೂ ಹೇಳೋರು. ಜೊತೆಗೆ ಬರೋರೇ ಹೇಳೋರು, ಅದೂ ಹತ್ತಾರು ಸಲ ಹೋಗಿ ಬಂದವ್ರು. ಈಗ ನನ್ ಫೋಲಿಯೋ, ಅಂದ್ರೆ ಹಡಗಿನ ಖರ್ಚಿನ ಲೆಕ್ಕದ ಪಟ್ಟಿ, ಪ್ರಿಂಟ್ ಇದೆ, ಎಲ್ಲೂ ಕಾರ್ಡ್ ನಂಬರ್ ಇಲ್ಲ, ಕೊನೇ ಸಾಲಲ್ಲಿ ಬ್ಯಾಲೆನ್ಸ್ ಸೊನ್ನೆ. ಒಂದು ಡಾಲರ್ ಕೂಡ ಎಲ್ಲೂ ಸಿಕ್ಕಾಕೊಂಡಿಲ್ಲ. ಹಂಗಾಗಿ ಬರೀತಿದೀನಿ.

ಹಡಗೊಳಗೆ ಏನೇ ಕೊಂಡ್ರೂ ನೋಟು ನಡೆಯಲ್ಲ, ರೂಮ್ ಕಾರ್ಡ್ ತಟ್ಟಿದ್ರೆ ನಮ್ ಅಕೌಂಟಿಗೆ ಬರೀತಾರೆ, ದುಡ್ಡು ಲಿಂಕ್ ಮಾಡಿದ ಬ್ಯಾಂಕ್ ಕಾರ್ಡಿಂದ ಹೋಗುತ್ತೆ; ಸೀಪಾಸ್, ಸೈಲ್ ಅಂಡ್ ಸೈನ್, ಮೆಡಾಲಿಯನ್ ಎಲ್ಲಾ ಬೇರೆ ಬೇರೆ ಕಂಪ್ನಿಗಳು ಇದಕ್ಕೇ ಇಟ್ಟಿರೋ ಹೆಸರು. ನಾನು ಕ್ಯಾಶಿಗೆ ಬಂದಿದ್ದು ಡೆಬಿಟ್ ಕಾರ್ಡಿನ ಹೋಲ್ಡ್ ಕಾಟಕ್ಕೆ, ಅಂದ್ರೆ ಬಿಲ್ಲಿಗೆ ಅಂತ ಬ್ಯಾಂಕಲ್ಲಿ ಮುಂಚೆನೇ ದುಡ್ಡು ತಡೆಹಿಡಿಯೋದು. ಹಿಂದೊಂದು ಸಲ ಖರ್ಚು ಮಾಡಿದ್ದು ಹೆಚ್ಚು ಕಮ್ಮಿ 400 ಡಾಲರ್, ಬ್ಯಾಂಕಲ್ಲಿ ಬ್ಲಾಕ್ ಆಗಿದ್ದು 700ರ ಹತ್ರ. ದಿನಾ ಒಂದೊಂದು ಆಥರೈಸೇಶನ್ ಎತ್ತಾರೆ, ಕೊನೇಲಿ ನಿಜವಾದ ಬಿಲ್ ಬೇರೆ ಕಟ್ ಆಗುತ್ತೆ, ಹಳೇ ಹೋಲ್ಡ್‌ಗಳು ಅಲ್ಲೇ ಕೂತಿರ್ತವೆ. ಹಡಗಿಂದ ಇಳಿದು ವಾರ ಹತ್ತು ದಿನ ಆದ್ಮೇಲೆ ಒಂದೊಂದಾಗಿ ಬಿಟ್ರು. ಹಡಗಿನವ್ರನ್ನ ಕೇಳಿದ್ರೆ ಬ್ಯಾಂಕ್ ಅಂತಾರೆ, ಬ್ಯಾಂಕನ್ನ ಕೇಳಿದ್ರೆ ಮರ್ಚೆಂಟ್ ಅಂತಾರೆ. ಕ್ರೆಡಿಟ್ ಕಾರ್ಡ್ ಇರೋರಿಗೆ ಇದು ತಟ್ಟಲ್ಲ, ಲಿಮಿಟ್ ಸ್ವಲ್ಪ ಕಮ್ಮಿ ಕಾಣುತ್ತೆ ಅಷ್ಟೇ. ಡೆಬಿಟ್ಟಲ್ಲಿ ಹೋಗೋದು ನಮ್ ಸ್ವಂತ ದುಡ್ಡು.

ಮೊದಲು ಎಲ್ರೂ ಹೇಳೋ ದಾರಿ ಹಿಡಿದೆ. ಕಾರ್ಡ್ ಲಿಂಕ್ ಮಾಡು, ಕೊನೇ ರಾತ್ರಿ ಗೆಸ್ಟ್ ಸರ್ವಿಸಸ್‌ಗೆ ಹೋಗಿ ಕ್ಯಾಶ್ ಕಟ್ಟು, ಕಾರ್ಡ್ ಚಾರ್ಜ್ ಆಗಲ್ಲ ಅಂತ. ಚಾರ್ಜ್ ಆಗಲ್ಲ ನಿಜ, ಆದ್ರೆ ಹೋಲ್ಡ್ ಆಗಲೇ ಬಿದ್ದಿರುತ್ತಲ್ಲ, ಅದು ಕ್ಯಾಶ್ ಕಟ್ಟಿದ ಕೂಡ್ಲೇ ಹೋಗಲ್ಲ. ಮೇಲಾಗಿ ಕೊನೇ ಸಂಜೆ ಆ ಕೌಂಟರ್ ಮುಂದೆ ನಿಂತವ್ರಿಗೇ ಗೊತ್ತು, ಬಿಲ್ ಜಗಳ ಮಾಡೋಕೆ ಬಂದವ್ರೆಲ್ಲ ಅದೇ ಕ್ಯೂನಲ್ಲಿ. ಸರಿಸುಮಾರು ಒಂದು ಗಂಟೆ ನಿಂತು ಕಟ್ಟಿ ಬಂದೆ, ಬೆಳಿಗ್ಗೆ ನೋಡಿದ್ರೆ ಮಿನಿಬಾರಿನ ಒಂದು ನೀರಿನ ಬಾಟ್ಲಿ ರಾತ್ರಿ ಲೇಟಾಗಿ ಪೋಸ್ಟ್ ಆಗಿ ಕಾರ್ಡಿಗೇ ಹೋಗಿತ್ತು.

ಆಮೇಲಿನ ಪ್ರಯಾಣದಲ್ಲಿ ಬ್ಯಾಂಕ್ ಕಾರ್ಡೇ ಇಲ್ದ ಶುದ್ಧ ಕ್ಯಾಶ್ ಅಕೌಂಟ್. ಬಂದರಿನ ಚೆಕ್ಇನ್ನಲ್ಲೇ ಕ್ಯಾಶ್ ಅಂತ ಹೇಳಿ 200 ಡಾಲರ್ ಇಟ್ಟೆ. ಇಬ್ಬರಿಗೆ ಧಾರಾಳ ಅನ್ಸುತ್ತೆ ಅಲ್ವಾ? ಇಲ್ಲೇ ಮರ್ಮ ಇರೋದು. ಆಟೋಮ್ಯಾಟಿಕ್ ಗ್ರಾಚ್ಯುಟಿ, ಅಂದ್ರೆ ಸಿಬ್ಬಂದಿಗೆ ಹೋಗೋ ಟಿಪ್, ಆವಾಗ ತಲೆಗೆ ದಿನಕ್ಕೆ 16ರಿಂದ 20 ಡಾಲರ್ ಎಳೀತಿತ್ತು, ಇಬ್ಬರದ್ದು ಸೇರಿ 35ರ ಆಸುಪಾಸು, ನಾವು ಏನೂ ಕೊಳ್ದೇ ಇದ್ರೂ. ಕುಡಿಯೋ ಪ್ರತಿಯೊಂದರ ಮೇಲೆ 18 ಪರ್ಸೆಂಟ್ ಬೇರೆ, ಕೆಲವು ಕಡೆ 20. ಹತ್ತು ಡಾಲರ್ ಡ್ರಿಂಕ್ ಅಂತ ಮೆನೂಲಿ ಇದ್ರೆ ಅಕೌಂಟಿಂದ ಹೋಗೋದು ಹನ್ನೆರಡರ ಹತ್ರ. ಪ್ರಯಾಣ ಅರ್ಧ ಆಗೋ ಮುಂಚೆನೇ ಬಾರಲ್ಲಿ ಹುಡುಗ ನನ್ ರೂಮ್ ಕಾರ್ಡ್ ತಟ್ಟಿದ, ಡಿಕ್ಲೈನ್, ಮತ್ತೆ ತಟ್ಟಿದ, ಡಿಕ್ಲೈನ್, ಹಿಂದೆ ನಿಂತವ್ರು ನೋಡ್ತಿದಾರೆ. ಜೇಬಲ್ಲಿ ನೋಟಿದೆ, ಬಾರಲ್ಲಿ ನೋಟು ತಗೊಳ್ಳಲ್ಲ. ಕ್ಯಾಶ್ ಅಕೌಂಟ್ ಖಾಲಿ ಆದ ಕ್ಷಣ ಲಾಕ್ ಆಗುತ್ತೆ, ಮುನ್ಸೂಚನೆ ಅಂತ ಕ್ಯಾಬಿನ್ನಿಗೆ ಒಂದು ಚೀಟಿ ಬರುತ್ತೆ, ಅದು ಬರೋದೂ ಲಾಕ್ ಆದ್ಮೇಲೇ. ಇದನ್ನ ನೋಡಿದವ್ರೇ ಕ್ಯಾಶ್ ಆಗಲ್ಲ ಅಂತ ತೀರ್ಮಾನ ಮಾಡೋದು.

ಆಗುತ್ತೆ. ಗ್ರಾಚ್ಯುಟಿನ ಅಕೌಂಟಿಂದ ಹೊರಗೆ ತೆಗೀಬೇಕು, ಅಷ್ಟೇ. ಈ ಸಲ ಹಡಗು ಹತ್ತೋ ಮುಂಚೆನೇ ಗ್ರಾಚ್ಯುಟಿ, ವೈಫೈ, ಊಟದ ಸ್ಪೆಷಲ್ ಬುಕಿಂಗ್ ಎಲ್ಲಾ ಪ್ರೀಪೇ ಮಾಡಿಸಿದೆ, ಏಜೆಂಟ್ ಕೈಗೆ ಕ್ಯಾಶ್ ಕೊಟ್ಟು ಅವ್ರ ಮೂಲಕ. ಆಮೇಲೆ ಅಕೌಂಟಲ್ಲಿ ಉಳಿಯೋದು ನಾವು ಕೈಯಾರೆ ಮಾಡೋ ಖರ್ಚು ಮಾತ್ರ, ಅದನ್ನ ಲೆಕ್ಕ ಹಾಕ್ಬಹುದು. ತಲೆಗೆ ದಿನಕ್ಕೆ 25 ಡಾಲರ್ ಅಂತ ಹಿಡಿದು, ಮೇಲೆ ಒಂದು 60-70 ಡಾಲರ್ ಕುಶನ್, ಅಂದ್ರೆ ಕೈಮೀರಿದ್ರೆ ಇರ್ಲಿ ಅಂತ. ಒಂದೇ ಕ್ಯಾಬಿನ್ ಆದ್ರೂ ಇಬ್ಬರದ್ದು ಬೇರೆ ಬೇರೆ ಫೋಲಿಯೋ ಮಾಡ್ಸಿ, ಒಬ್ಬರದ್ದು ಲಾಕ್ ಆದ್ರೆ ಇನ್ನೊಬ್ಬರದ್ದು ಓಡುತ್ತೆ. ಮಕ್ಕಳಿದ್ರೆ ಅವ್ರ ಕಾರ್ಡಿನ ಚಾರ್ಜಿಂಗ್ ಬಂದ್ ಮಾಡಿಸ್ಬಿಡಿ, ಇಲ್ಲಾಂದ್ರೆ ವೀಡಿಯೋ ಗೇಮ್ ಆರ್ಕೇಡಲ್ಲೇ ಕುಶನ್ ಮುಗೀತದೆ.

ಟಾಪ್ಅಪ್ ಮಾಡೋ ಟೈಮು ಇನ್ನೊಂದು ವಿಷ್ಯ. ಹಡಗು ಬಂದರಲ್ಲಿ ನಿಂತು ಎಲ್ರೂ ಎಕ್ಸ್‌ಕರ್ಶನ್ ಅಂತ ಇಳಿದು ಹೋಗಿರ್ತಾರಲ್ಲ, ಆವಾಗ ಗೆಸ್ಟ್ ಸರ್ವಿಸಸ್ ಖಾಲಿ. ನಾನು ಹೋದಾಗ ಕೌಂಟರಲ್ಲಿದ್ದ ಹುಡುಗಿ ನೋಟುಗಳನ್ನ ಬೀಸಣಿಗೆ ಥರ ಹರಡಿ ಒಂದ್ಸಲ ಎಣಿಸಿದ್ಲು, ನನ್ ಕಡೆ ತಿರುಗಿಸಿ ಇನ್ನೊಂದ್ಸಲ ಎಣಿಸಿದ್ಲು, ನೂರರ ನೋಟನ್ನ ಬೆಳಕಿಗೆ ಹಿಡಿದ್ಲು, ಮೂಲೆ ಹರಿದಿದ್ದ ಒಂದು ಇಪ್ಪತ್ತನ್ನ ನಗ್ತಾನೇ ವಾಪಸ್ ತಳ್ಳಿದ್ಲು. ರಸೀದಿ ಕೈಗೆ ಬರೋವರೆಗೆ ಜಾಗ ಬಿಟ್ಟು ಕದಲ್ಬೇಡಿ. ಆಮೇಲೆ ಕ್ಯಾಬಿನ್ ಟಿವೀಲೋ ಆಪಲ್ಲೋ ಫೋಲಿಯೋ ತೆಗೆದು ಕ್ರೆಡಿಟ್ ಸಾಲು ಬಂದಿದ್ಯಾ ನೋಡ್ಕೊಳಿ. ಕಾರ್ನಿವಲ್ ಕಂಪ್ನಿ ಹಡಗುಗಳಲ್ಲಿ ಎಷ್ಟೋ ಕಡೆ ಕ್ಯಾಶ್ ಹಾಕೋ ಕಿಯಾಸ್ಕ್ ಮಷೀನ್ ಇದೆ, ಅಲ್ಲಿ ಮನುಷ್ಯರ ಮುಖನೇ ನೋಡ್ಬೇಕಿಲ್ಲ, ಆದ್ರೆ ಮಡಚಿದ ನೋಟು ಉಗುಳುತ್ತೆ, ಇಸ್ತ್ರಿ ಮಾಡಿದಂಗಿರೋ ನೋಟೇ ಬೇಕು.

ನೋಟು ಮನೆ ಬಿಡೋ ಮುಂಚೆನೇ ಹಡಗಿನ ಕರೆನ್ಸಿಗೆ ಬದಲಾಯ್ಸ್ಕೊಂಡು ಬನ್ನಿ, ಡಾಲರ್ ಹಡಗಿಗೆ ಡಾಲರ್, ಯೂರೋ ಹಡಗಿಗೆ ಯೂರೋ. ಒಳಗಿನ ಕೌಂಟರ್ ರೇಟ್ ನೋಡಿದೆ, ಬೇಡ. ಎಟಿಎಂ ಇರುತ್ತೆ, ಫೀ ದುಬಾರಿ, ನಮ್ ಬ್ಯಾಂಕಿನ ಫೀ ಅದರ ಮೇಲೆ.

ಮಧ್ಯೆ ಬೇರೆ ಬೇರೆ ಪ್ರಯೋಗನೂ ಮಾಡಿದೆ. ಗಿಫ್ಟ್ ಕಾರ್ಡ್ ಒಂದು. ಕಾರ್ನಿವಲ್ ಗಿಫ್ಟ್ ಕಾರ್ಡನ್ನ ಸೈಲ್ ಅಂಡ್ ಸೈನ್ ಅಕೌಂಟಿಗೆ ಹಾಕ್ಬಹುದು, ಡಿಸ್ನಿ ಗಿಫ್ಟ್ ಕಾರ್ಡೂ ಅವ್ರ ಹಡಗಲ್ಲಿ ನಡೆಯುತ್ತೆ. ಅಂಗಡೀಲಿ ಕ್ಯಾಶ್ ಕೊಟ್ಟು ತಗೊಂಡ್ರೆ ಅದೂ ಕ್ಯಾಶೇ ಆಯ್ತಲ್ಲ, ಡಿಸ್ಕೌಂಟಲ್ಲಿ ಸಿಕ್ರೆ ಲಾಭ ಬೇರೆ. ಇನ್ನೊಂದು ಕ್ಯಾಸಿನೋ. ರೂಮ್ ಕಾರ್ಡಿಂದ ಕ್ಯಾಸಿನೋಗೆ ದುಡ್ಡು ಎತ್ತಿದ್ರೆ ಎಷ್ಟೋ ಹಡಗಲ್ಲಿ ಮೂರರಿಂದ ಐದು ಪರ್ಸೆಂಟ್ ಫೀ, ನೋಟು ನೇರವಾಗಿ ಮಷೀನಿಗೆ ಹಾಕಿದ್ರೆ ಫೀ ಇಲ್ಲ. ದೊಡ್ಡ ನೋಟು ಒಡೆಸೋಕೂ ಕ್ಯಾಸಿನೋದ ಕ್ಯಾಶ್ ಕೌಂಟರ್ರೇ ಒಳ್ಳೇದು, ರೂಮ್ ಸರ್ವಿಸ್ ಹುಡುಗನಿಗೆ, ಬಂದರಲ್ಲಿ ಲಗೇಜ್ ಎತ್ತೋರಿಗೆ ಕೊಡೋಕೆ ಒಂದು ಎರಡರ ನೋಟು ಬೇಕೇ ಬೇಕು.

ಆನ್‌ಬೋರ್ಡ್ ಕ್ರೆಡಿಟ್, ಅಂದ್ರೆ ಹಡಗಲ್ಲಿ ಖರ್ಚು ಮಾಡೋಕೆ ಅಂತ ಬುಕಿಂಗ್ ಜೊತೆ ಸಿಗೋ ದುಡ್ಡು ಇದ್ರೆ, ಅದು ನಾನ್ ರಿಫಂಡಬಲ್ಲಾ ಅಂತ ಮೊದಲೇ ಕೇಳ್ಕೊಳಿ. ಅದಾದ್ರೆ ಖಾಲಿ ಮಾಡ್ದೆ ಇಳಿದ್ರೆ ಹೋಯ್ತು, ಹಂಗಾಗಿ ಅದು ಮೊದಲು ಕರಗ್ಬೇಕು, ನಮ್ ನೋಟು ಆಮೇಲೆ. ನಂದರಲ್ಲಿ 50 ಡಾಲರ್ ಇತ್ತು, ಮೊದಲೇ ಕರಗಿತು, ಅಷ್ಟು ಕಮ್ಮಿ ಡೆಪಾಸಿಟ್ ಇಟ್ಟೆ.

ಈಗ ವಾಪಸ್ ಬರೋ ದುಡ್ಡು, ಎಲ್ರೂ ಹೆದರೋದು ಇದಕ್ಕೇ. ಜಾಸ್ತಿ ಉಳಿದ್ರೆ ಕೆಲವು ಕಂಪ್ನಿ ಕೈಗೆ ಕೊಡಲ್ಲ, ಮನೆಗೆ ಚೆಕ್ ಕಳಿಸ್ತೀವಿ ಅಂತಾರೆ. ಬೇರೆ ದೇಶದ ಚೆಕ್ ಬ್ಯಾಂಕಿಗೆ ಹಾಕಿ ಕ್ಲಿಯರ್ ಆಗೋದ್ರಲ್ಲಿ ಅರ್ಧ ಫೀಗೇ ಹೋಗುತ್ತೆ. ಹಂಗಾಗಿ ಕೊನೇ ಟಾಪ್ಅಪ್ ಸಣ್ಣದಿರ್ಬೇಕು, ಇಪ್ಪತ್ತು ಇಪ್ಪತ್ತು. ನಂದು ಕೊನೇಗೆ ಉಳಿದಿದ್ದು 14 ಡಾಲರ್ ಚಿಲ್ರೆ, ಸಹಿ ಹಾಕಿಸ್ಕೊಂಡು ಕೈಗೇ ಕೊಟ್ರು. ಕೊನೇ ಸಂಜೆ ಅಲ್ಲ, ಕೊನೇ ದಿನ ಮಧ್ಯಾಹ್ನ ಊಟದ ಹೊತ್ತಿಗೇ ಹೋದೆ, ಮುಂದೆ ಇದ್ದವ್ರು ನಾಲ್ಕೈದು ಜನ.

ಅಲ್ಲೇ ಇನ್ನೊಂದು ಮಾತು ಹೇಳಿದೆ: ಎರಡೂ ಕಾರ್ಡಿನ ಚಾರ್ಜಿಂಗ್ ಈಗಲೇ ಬಂದ್ ಮಾಡಿ, ಬಾಗಿಲು ಮಾತ್ರ ತೆಗೀಲಿ ಅಂತ. ಮಾಡಿಕೊಟ್ರು. ಮಿನಿಬಾರನ್ನ ಬೆಳಿಗ್ಗೆನೇ ಕ್ಯಾಬಿನ್ ನೋಡ್ಕೊಳ್ಳೋ ಸ್ಟೀವರ್ಡ್ ಹತ್ರ ಖಾಲಿ ಮಾಡಿಸಿದ್ದೆ, ಹಾಗಾಗಿ ರಾತ್ರಿ ಬಂದು ಕೂರೋಕೆ ಯಾವ ಚಾರ್ಜೂ ಇರ್ಲಿಲ್ಲ. ಮರುದಿನ ಇಳಿಯೋಕೆ ಗ್ಯಾಂಗ್‌ವೇಲಿ ಕಾರ್ಡ್ ತಟ್ಟಿದಾಗ ಮಷೀನ್ ಸೀದಾ ಹಸಿರು. ಬಾಕಿ ಇದ್ರೆ ಅಲ್ಲೇ ನಿಲ್ಲಿಸಿ ವಾಪಸ್ ಕೌಂಟರಿಗೆ ಕಳಿಸ್ತಾರೆ, ಕ್ಯಾಶ್ ಅಕೌಂಟಿನವ್ರಿಗೆ ಕೌಂಟರಿಗೆ ಹೋಗ್ದೇ ಇಳಿಯೋ ಎಕ್ಸ್‌ಪ್ರೆಸ್ ಚೆಕ್ಔಟ್ ಇಲ್ಲ, ಅದಕ್ಕೇ ಸೊನ್ನೆ ಅಂತ ಬರೆದಿರೋ ಪ್ರಿಂಟ್ ಕೈಯಲ್ಲೇ ಇಟ್ಕೊಂಡು ಇಳೀರಿ.