ನಿಂತುಹೋದ ಪಿಂಚಣಿಗೆ ಊರೊಟ್ಟಾಗಿ ಕೇಳುವುದು ಹೇಗೆ?

ವೃದ್ಧರನ್ನು ಟೆಂಪೊದಲ್ಲಿ ತುಂಬಿಕೊಂಡು ತಾಲ್ಲೂಕು ಕಚೇರಿಗೆ ಹೋಗುವುದು, ಬಿಸಿಲಲ್ಲಿ ಕೂರಿಸಿ ಘೋಷಣೆ ಕೂಗುವುದು, ‘ನಮ್ಮೂರಿನವರಿಗೆ ಆರು ತಿಂಗಳಿಂದ ಪಿಂಚಣಿ ಬಂದಿಲ್ಲ, ಕೂಡಲೇ ಕೊಡಿಸಿ’ ಎಂಬ ಒಂದು ಹಾಳೆಯ ಮನವಿ ಕೊಟ್ಟು ಫೋಟೊ ಹಿಡಿಸಿಕೊಂಡು ಬರುವುದು. ನಿಂತ ಪಿಂಚಣಿಯ ಹೋರಾಟ ಬಹುತೇಕ ಕಡೆ ಇಷ್ಟಕ್ಕೇ ಮುಗಿಯುತ್ತದೆ. ಆ ಹಾಳೆಯ ಮೇಲೆ ‘ಪರಿಶೀಲಿಸಿ ಕ್ರಮ ವಹಿಸಿ’ ಎಂಬ ಷರಾ ಬೀಳುತ್ತದೆ, ಅದು ಕೇಸ್ ವರ್ಕರ್ ಮೇಜಿಗೆ ಹೋಗುತ್ತದೆ, ಅಲ್ಲೇ ಮಲಗುತ್ತದೆ. ಕೇಸ್ ವರ್ಕರ್ ಒಳ್ಳೆಯವರೇ ಆಗಿದ್ದರೂ ಆ ಹಾಳೆ ಹಿಡಿದು ಮಾಡಬಹುದಾದ್ದು ಏನೂ ಇಲ್ಲ. ಒಂದೇ ಬೀದಿಯ ಐದು ಜನರ ಪಿಂಚಣಿ ಐದು ಬೇರೆ ಕಾರಣಕ್ಕೆ ನಿಂತಿರುತ್ತದೆ. ಕೆಲವದಕ್ಕೆ ಪರಿಹಾರ ಬ್ಯಾಂಕಿನಲ್ಲಿ, ಕೆಲವದಕ್ಕೆ ಅಂಚೆ ಕಚೇರಿಯಲ್ಲಿ, ಉಳಿದವಕ್ಕಷ್ಟೇ ತಹಶೀಲ್ದಾರರಲ್ಲಿ.

ಆದ್ದರಿಂದ ಮೊದಲು ವಿಂಗಡಣೆ, ಆಮೇಲೆ ಮನವಿ, ಅದಕ್ಕೂ ಬಗ್ಗದಿದ್ದರೆ ಧರಣಿ. ಈ ಕ್ರಮ ತಿರುಗಿಸಬೇಡಿ.

1. ತಂಡ

ನಾಲ್ಕೈದು ಜನ ಸಾಕು. ಅವರಲ್ಲಿ ಒಬ್ಬರಾದರೂ ಹೆಂಗಸರಿರಲಿ, ಒಬ್ಬರಿಗೆ ಬ್ಯಾಂಕಿನ ವ್ಯವಹಾರ ಗೊತ್ತಿರಲಿ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದು ಆಶಾ ಕಾರ್ಯಕರ್ತೆಯರಿಗೆ ತಿಳಿದಿರುತ್ತದೆ, ಅವರನ್ನು ಕೇಳಿ.

2. ಮನೆಮನೆ ಪಟ್ಟಿ

ದೇವಸ್ಥಾನದ ಕಟ್ಟೆಗೆ ಎಲ್ಲರನ್ನೂ ಕರೆಸಿ ಬರೆದುಕೊಳ್ಳುವುದು ಸೋಮಾರಿಗಳ ದಾರಿ. ನಡೆಯಲಾಗದವರು, ಕಣ್ಣು ಕಾಣದವರು, ಒಂಟಿ ವಿಧವೆಯರು ಅಲ್ಲಿಗೆ ಬರುವುದಿಲ್ಲ. ಅಧಿಕಾರಿಗಳ ಪರಿಶೀಲನೆಗೆ ಸಿಗದೆ ಸರ್ಕಾರದ ಪಿಂಚಣಿ ಪಟ್ಟಿಯಿಂದ ಬಿಟ್ಟುಹೋಗುವವರೂ ಅವರೇ. ಮನೆಗೇ ಹೋಗಿ.

ಇನ್ನೂರು ಪುಟದ ಉದ್ದನೆಯ ನೋಟ್‌ಬುಕ್ ತೆಗೆದುಕೊಂಡು ಒಬ್ಬೊಬ್ಬರಿಗೆ ಒಂದು ಪೂರ್ತಿ ಪುಟ ಬಿಡಿ. ಎಕ್ಸೆಲ್ ಆಮೇಲೆ ಮಾಡಿಕೊಳ್ಳಬಹುದು. ಪುಟದಲ್ಲಿ ಇರಬೇಕಾದ್ದು: ಆಧಾರ್‌ನಲ್ಲಿರುವಂತೆಯೇ ಹೆಸರು, ಪಿಂಚಣಿ ಮಂಜೂರಾತಿ ಆದೇಶದಲ್ಲಿರುವಂತೆ ಹೆಸರು (ಎರಡೂ ಒಂದೇ ಆಗಿರುವುದು ಅಪರೂಪ), ಯೋಜನೆ, ಆದೇಶದ ಸಂಖ್ಯೆ, ಕೊನೆಯ ಬಾರಿ ಹಣ ಬಂದ ತಿಂಗಳು, ಇರುವ ಎಲ್ಲ ಖಾತೆಗಳು, ಆಧಾರ್‌ಗೆ ಜೋಡಿಸಿದ ಮೊಬೈಲ್ ಯಾರ ಬಳಿ ಇದೆ ಎಂಬುದು. ಆಧಾರ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಬರೆದುಕೊಂಡರೆ ಸಾಕು. ಪಾಸ್‌ಬುಕ್, ಆಧಾರ್ ಫೋಟೊ ತೆಗೆದು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವವರಿದ್ದರೆ ಅಂಥವರನ್ನು ತಂಡದಿಂದಲೇ ಕೈಬಿಡಿ.

ಯೋಜನೆ ಯಾವುದೆಂದು ಬಹಳ ಜನರಿಗೆ ಹೇಳಲು ಬರುವುದಿಲ್ಲ. ಎಲ್ಲರೂ ‘ಸಂಧ್ಯಾ ಸುರಕ್ಷಾ’ ಎನ್ನುತ್ತಾರೆ. ಆ ಯೋಜನೆ 65 ದಾಟಿದವರಿಗೆ, ತಿಂಗಳಿಗೆ ₹1,200. ನಿರ್ಗತಿಕ ವಿಧವಾ ವೇತನ ₹800. ಮದುವೆಯಾಗದ ಅಥವಾ ವಿಚ್ಛೇದಿತ ಹೆಂಗಸರಿಗೆ 40ರಿಂದ 64 ವಯಸ್ಸಿನವರೆಗೆ ಮನಸ್ವಿನಿ. ಅಂಗವಿಕಲರ ವೇತನ ಅಂಗವಿಕಲತೆಯ ಪ್ರಮಾಣದ ಮೇಲೆ ಬದಲಾಗುತ್ತದೆ. ಪಾಸ್‌ಬುಕ್ ಓದುವಾಗ ಈ ಮೊತ್ತಗಳು ತಲೆಯಲ್ಲಿರಬೇಕು. ₹2,000 ಜಮೆ ಕಂಡ ಕೂಡಲೇ ‘ಪಿಂಚಣಿ ಬರ್ತಾ ಇದೆಯಲ್ಲ’ ಎಂದು ಎದ್ದು ಬರಬೇಡಿ, ಅದು ಗೃಹಲಕ್ಷ್ಮಿಯದೋ ಪಿಎಂ ಕಿಸಾನ್‌ನದೋ ಆಗಿರಬಹುದು.

ಪಾಸ್‌ಬುಕ್ ಎಂಟ್ರಿ ಹಾಕಿಸದೆ ಒಂದು ವರ್ಷ ಆಗಿದ್ದರೆ ಬೇರೆ ಮಾತಿಗೆ ಮೊದಲು ಎಂಟ್ರಿ ಹಾಕಿಸಿ. ‘ಬಂದಿಲ್ಲ’ ಎಂಬ ದೂರುಗಳಲ್ಲಿ ಒಂದಷ್ಟು ಅಲ್ಲೇ ಕರಗುತ್ತವೆ. ಸಿಂಡಿಕೇಟ್, ವಿಜಯಾ, ಕಾರ್ಪೊರೇಷನ್ ಬ್ಯಾಂಕಿನ ಹಳೆ ಪಾಸ್‌ಬುಕ್‌ಗಳನ್ನೇ ಇನ್ನೂ ಟ್ರಂಕಿನಲ್ಲಿ ಇಟ್ಟುಕೊಂಡಿರುವವರು ಹಳ್ಳಿಗಳಲ್ಲಿ ಬೇಕಾದಷ್ಟಿದ್ದಾರೆ. ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ, ಅದೇ ವರ್ಷ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ, 2019ರಲ್ಲಿ ವಿಜಯಾ ಬ್ಯಾಂಕ್ ಆಫ್ ಬರೋಡಕ್ಕೆ ಸೇರಿಹೋಗಿವೆ. ಹೊಸ ಪಾಸ್‌ಬುಕ್ ಬರೆಸಿಕೊಳ್ಳಿ.

3. ವಿಂಗಡಣೆ: ಇಲ್ಲಿ ಆತುರ ಬೇಡ

ಕೆಲಸ ಕೆಡುವುದು ಈ ಹಂತದಲ್ಲಿ. ಒಂದು ವಾರ ಹಿಡಿದರೂ ಹಿಡಿಯಲಿ.

ಮೊದಲು ಒಂದು ವ್ಯತ್ಯಾಸ ತಿಳಿದಿರಬೇಕು. ‘ಆಧಾರ್ ಲಿಂಕ್ ಆಗಿದೆ’ ಎಂದು ಬ್ಯಾಂಕಿನವರು ಹೇಳುವುದಕ್ಕೆ ಎರಡು ಅರ್ಥವಿದೆ. ಖಾತೆಯ ಕೆವೈಸಿಗೆ, ಅಂದರೆ ಗುರುತಿನ ದಾಖಲೆಯಾಗಿ, ಆಧಾರ್ ಕೊಟ್ಟಿರುವುದು ಒಂದು. ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಹಣ ಪಾವತಿ ವ್ಯವಸ್ಥೆ ನಡೆಸುವ ಸಂಸ್ಥೆ) ಮ್ಯಾಪಿಂಗ್ ಇನ್ನೊಂದು. ಸರ್ಕಾರದ ಹಣ ಆಧಾರ್ ಸಂಖ್ಯೆಯ ಮೇಲೆ ಹೊರಟಾಗ ಅದು ಯಾವ ಬ್ಯಾಂಕಿಗೆ ಹೋಗಬೇಕೆಂದು ತೀರ್ಮಾನವಾಗುವುದು ಈ ಎರಡನೆಯದರಿಂದ. ಒಂದು ಆಧಾರ್ ಒಂದು ಸಲಕ್ಕೆ ಒಂದೇ ಬ್ಯಾಂಕಿಗೆ ಮ್ಯಾಪ್ ಆಗಿರುತ್ತದೆ. ಕಡೆಯದಾಗಿ ಯಾವ ಬ್ಯಾಂಕ್ ಮ್ಯಾಪ್ ಮಾಡಿಸಿತೋ ಹಣ ಅಲ್ಲಿಗೆ. ಆದ್ದರಿಂದ ಕೌಂಟರ್‌ನಲ್ಲಿ ‘ಲಿಂಕ್ ಆಗಿದೆಯಾ?’ ಎಂದು ಕೇಳಬೇಡಿ. ‘ಎನ್‌ಪಿಸಿಐಯಲ್ಲಿ ಈ ಆಧಾರ್ ಯಾವ ಬ್ಯಾಂಕಿಗೆ ಮ್ಯಾಪ್ ಆಗಿದೆ, ಆ್ಯಕ್ಟಿವ್ ಇದೆಯಾ?’ ಎಂದು ಕೇಳಿ.

ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿದ್ದರೆ ಬ್ಯಾಂಕಿಗೂ ಹೋಗಬೇಕಿಲ್ಲ. ಮೈ ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ (ಅದೇ ಮ್ಯಾಪಿಂಗ್) ಸ್ಥಿತಿ ನೋಡಿದರೆ ಬ್ಯಾಂಕಿನ ಹೆಸರು ಕಾಣುತ್ತದೆ. ರಾಜ್ಯ ಸರ್ಕಾರದ ಡಿಬಿಟಿ (ಸರ್ಕಾರದ ಹಣ ನೇರವಾಗಿ ಖಾತೆಗೆ ಜಮೆ) ಕರ್ನಾಟಕ ಆ್ಯಪ್‌ನಲ್ಲಿ ಯಾವ ಯೋಜನೆಯ ಹಣ ಯಾವ ದಿನ ಯಾವ ಖಾತೆಗೆ ಹೋಯಿತು ಎಂಬುದೂ ಸಿಗುತ್ತದೆ. ಎರಡಕ್ಕೂ ಒಟಿಪಿ ಬೇಕು. ಮೊಬೈಲ್ ಇಲ್ಲದ ಅಜ್ಜಿಯ ಆಧಾರ್‌ಗೆ ಏಜೆಂಟನದೋ ಪಕ್ಕದ ಮನೆಯವನದೋ ನಂಬರ್ ಜೋಡಿಸುವ ಅಡ್ಡದಾರಿ ಹಿಡಿಯಲೇಬೇಡಿ. ಆ ನಂಬರ್ ಇರುವವನ ಕೈಗೆ ಅಜ್ಜಿಯ ಒಟಿಪಿಯೆಲ್ಲ ಹೋಗುತ್ತದೆ. ಮಗ, ಮಗಳು, ಸೊಸೆ ಯಾರೂ ಇಲ್ಲದಿದ್ದರೆ ಬ್ಯಾಂಕಿಗೇ ಕರೆದುಕೊಂಡು ಹೋಗಿ ಹೆಬ್ಬೆಟ್ಟು ಒತ್ತಿಸಿ ತಿಳಿಯುವುದೇ ಸರಿ.

ಈಗ ಪುಟಗಳನ್ನು ಬೇರ್ಪಡಿಸಿ.

ಮೊದಲ ಕಟ್ಟು: ಹಣ ಬರುತ್ತಿದೆ, ಬೇರೆ ಖಾತೆಗೆ. ಯಾರೋ ಮನೆ ಬಾಗಿಲಿಗೆ ಬಂದು ‘ಉಚಿತ ಖಾತೆ’ ಎಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿರುತ್ತಾರೆ, ಮ್ಯಾಪಿಂಗ್ ಅಲ್ಲಿಗೆ ಜಾರಿರುತ್ತದೆ. 2017ರಲ್ಲಿ ಸಿಮ್ ಪರಿಶೀಲನೆಯ ಹೆಸರಿನಲ್ಲಿ ಹೀಗೆ ಖಾತೆ ತೆರೆದು ಗ್ಯಾಸ್ ಸಬ್ಸಿಡಿ ಅದಕ್ಕೆ ಹೋಗಿದ್ದು ದೇಶದಾದ್ಯಂತ ಸುದ್ದಿಯಾಗಿತ್ತು. ಮನೆಯಲ್ಲಿ ಕ್ಯೂಆರ್ ಕೋಡ್ ಇರುವ ಕಾರ್ಡ್ ಏನಾದರೂ ಇದೆಯೇ ಹುಡುಕಿಸಿ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಖಾತೆಗೆ ಕೊಡುವುದು ಅಂಥದ್ದೇ ಕಾರ್ಡ್. ಅಂಚೆ ಕಚೇರಿಯ ಹಳೆಯ ಉಳಿತಾಯ ಖಾತೆ ಬೇರೆ, ಇದು ಬೇರೆ. ಇದರಲ್ಲಿ ಹಣ ಇದ್ದರೆ ಅಂಚೆಯಣ್ಣನೇ ಮನೆಗೆ ಬಂದು ಬೆರಳಚ್ಚು ತೆಗೆದುಕೊಂಡು ಕೊಡಬಲ್ಲ. ನಡೆಯಲಾಗದವರಿಗೆ ಅದೇ ಅನುಕೂಲ, ಹಳೆ ಬ್ಯಾಂಕಿಗೆ ಮರಳಿ ಮ್ಯಾಪ್ ಮಾಡಿಸುವ ಹಟ ಬೇಡ.

ಎರಡನೆಯದು ಹೇಳಲು ಮುಜುಗರದ್ದು: ಹಣ ಸರಿಯಾದ ಖಾತೆಗೇ ಬಂದಿದೆ, ಬೇರೆಯವರು ತೆಗೆದಿದ್ದಾರೆ. ಮನೆಯವರಿರಬಹುದು, ಬೆರಳಚ್ಚು ಪಡೆದು ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂದು ಕಳಿಸಿದ ಮಧ್ಯವರ್ತಿ ಇರಬಹುದು. ಪಾಸ್‌ಬುಕ್‌ನಲ್ಲಿ ಜಮೆಯ ಮರುದಿನವೇ ಅಷ್ಟೇ ಮೊತ್ತ ಖರ್ಚು ಬಿದ್ದಿರುತ್ತದೆ. ಈ ಪುಟಗಳನ್ನು ಮನವಿಯಿಂದ ತೆಗೆದುಬಿಡಿ. ಇದು ಬ್ಯಾಂಕ್ ಮ್ಯಾನೇಜರ್‌ಗೆ ಬರೆದುಕೊಡಬೇಕಾದ ದೂರು, ಬೇಕಾದರೆ ಪೊಲೀಸರಿಗೂ. ಮುಂದೆ ಪ್ರತಿಸಲ ಹಣ ತೆಗೆದಾಗ ಮುದ್ರಿತ ರಸೀದಿ ಕೇಳುವುದನ್ನು ಅಜ್ಜಿಯಂದಿರಿಗೆ ರೂಢಿ ಮಾಡಿಸಿ.

ಮೂರನೆಯ ಕಟ್ಟು ದಪ್ಪಗಿರುತ್ತದೆ: ಮ್ಯಾಪಿಂಗ್ ಕಡಿದಿದೆ, ಇಲ್ಲವೇ ಖಾತೆ ನಿಷ್ಕ್ರಿಯ. ಆ್ಯಪ್‌ನಲ್ಲಿ ‘ಆಧಾರ್ ನಾಟ್ ಮ್ಯಾಪ್ಡ್’, ‘ಅಕೌಂಟ್ ಕ್ಲೋಸ್ಡ್’ ಎಂಬಂಥ ಮಾತು ಬಂದರೆ ಇದೇ. ಮ್ಯಾಪಿಂಗ್‌ಗೆ ಬ್ಯಾಂಕಿನಲ್ಲಿ ಡಿಬಿಟಿ ಸಮ್ಮತಿ ಫಾರ್ಮ್ ಕೇಳಿ ತುಂಬಿಸಿ. ಮೊದಲು ಬೇರೆ ಬ್ಯಾಂಕಿಗೆ ಮ್ಯಾಪ್ ಆಗಿದ್ದರೆ ಆ ಬ್ಯಾಂಕಿನ ಹೆಸರು ಬರೆಯುವ ಜಾಗವೂ ಅದರಲ್ಲಿದೆ, ಅದನ್ನು ಖಾಲಿ ಬಿಟ್ಟರೆ ಅರ್ಜಿ ವಾಪಸಾಗಬಹುದು. ಮುದ್ರೆ ಹಾಕಿದ ರಸೀದಿ ಪಡೆಯಿರಿ, ಕೆಲವು ದಿನ ಬಿಟ್ಟು ಮತ್ತೆ ಸ್ಥಿತಿ ನೋಡಿ. ಫಾರ್ಮ್ ಕೊಟ್ಟ ಮಾತ್ರಕ್ಕೆ ಆಯಿತೆಂದು ಬಿಟ್ಟವರದೇ ಮತ್ತೆ ನಿಲ್ಲುವುದು. ಎರಡು ವರ್ಷ ಖಾತೆದಾರರು ಏನೂ ವ್ಯವಹಾರ ಮಾಡದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಅದನ್ನು ಮತ್ತೆ ಚಾಲೂ ಮಾಡಲು ಶುಲ್ಕ ತೆಗೆದುಕೊಳ್ಳುವಂತಿಲ್ಲ, ನಿಷ್ಕ್ರಿಯ ಖಾತೆಗೆ ಕನಿಷ್ಠ ಮೊತ್ತ ಇಲ್ಲವೆಂದು ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಿಂದಲೇ ನಿಯಮ ಮಾಡಿದೆ. ಯಾರಾದರೂ ದುಡ್ಡು ಕೇಳಿದರೆ ಬರೆದುಕೊಡಿ ಎನ್ನಿ. ದುಡಿದು ಸವೆದ ಬೆರಳಿನ ಅಚ್ಚು ಯಂತ್ರ ಹಿಡಿಯದಿದ್ದರೆ ಕಣ್ಣಿನ ಪಾಪೆಯ ಅಥವಾ ಮುಖದ ದೃಢೀಕರಣ ಕೇಳಿ.

ಉಳಿದದ್ದು ನಿಜವಾಗಿ ತಾಲ್ಲೂಕು ಕಚೇರಿಯ ಕಟ್ಟು. ಬದುಕಿದ್ದವರನ್ನು ‘ಮೃತ’ ಎಂದು ಗುರುತಿಸಿರುವುದು, ‘ವಿಳಾಸದಲ್ಲಿ ಇಲ್ಲ’ ಎಂದಿರುವುದು, ಆಧಾರ್‌ನಲ್ಲಿ ವಯಸ್ಸು ಕಡಿಮೆ ಎಂದೋ ಬಿಪಿಎಲ್ ಕಾರ್ಡ್ ಹೋಯಿತೆಂದೋ ‘ಅನರ್ಹ’ ಮಾಡಿರುವುದು, ಮಂಜೂರಾಗಿಯೂ ಬಿಲ್ಲಿಗೆ ಸೇರದಿರುವುದು. ಮೃತ ಎಂದು ಬಿದ್ದಿದ್ದರೆ ಗ್ರಾಮ ಆಡಳಿತ ಅಧಿಕಾರಿಯಿಂದ ಸ್ಥಳ ಮಹಜರು ಮಾಡಿಸಿ, ಅದರಲ್ಲಿ ಆ ವ್ಯಕ್ತಿಯ ಹೆಬ್ಬೆಟ್ಟು, ನೆರೆಹೊರೆಯ ಇಬ್ಬರ ಸಹಿ ಇರಲಿ. ಅನರ್ಹ ಎಂದಿದ್ದರೆ ರದ್ದತಿ ಆದೇಶದ ನಕಲು, ಅದಕ್ಕೂ ಮೊದಲು ಕೊಟ್ಟ ನೋಟಿಸ್‌ನ ನಕಲು ಲಿಖಿತವಾಗಿ ಕೇಳಿ. ನೋಟಿಸ್ ಕೊಡದೆ ರದ್ದು ಮಾಡಿದ್ದರೆ ನಿಮ್ಮ ವಾದ ಅಲ್ಲೇ ಗಟ್ಟಿಯಾಯಿತು. ಆಧಾರ್‌ನಲ್ಲಿ ಜನ್ಮದಿನಾಂಕ ತಿದ್ದಿಸಲು ಸಾಮಾನ್ಯವಾಗಿ ಒಂದೇ ಅವಕಾಶ, ಗಟ್ಟಿ ದಾಖಲೆ ಇಲ್ಲದೆ ಸೈಬರ್ ಸೆಂಟರ್‌ನವರ ಮಾತು ಕೇಳಿ ಅದನ್ನು ಹಾಳು ಮಾಡಿಕೊಳ್ಳಬೇಡಿ.

ಇನ್ನೊಂದು ಬಲೆ: ‘ಹಳೇದು ಬಿಡಿ, ಹೊಸ ಅರ್ಜಿ ಹಾಕಿ’ ಎಂಬ ಸಲಹೆ. ಹಳೆಯ ಮಂಜೂರಾತಿ ಕಡತದಲ್ಲಿ ಇರುವಾಗ ಹೊಸ ಅರ್ಜಿ ಹಾಕಿದರೆ ‘ಈಗಾಗಲೇ ಫಲಾನುಭವಿ’ ಎಂದು ತಿರಸ್ಕೃತವಾಗುತ್ತದೆ. ಹೇಗೋ ಮಂಜೂರಾದರೂ ಹಿಂದಿನ ತಿಂಗಳುಗಳ ಬಾಕಿ ಕೇಳುವ ಹಕ್ಕು ಕೈತಪ್ಪುತ್ತದೆ. ಹೊಸ ಅರ್ಜಿ, ಎಂದೂ ಪಿಂಚಣಿ ಸಿಗದವರಿಗೆ ಮಾತ್ರ. ಅದನ್ನು ನಾಡಕಚೇರಿಯಲ್ಲಿ ಕೊಟ್ಟು ಸಕಾಲದ (ಸರ್ಕಾರಿ ಸೇವೆಯನ್ನು ನಿಗದಿತ ದಿನದೊಳಗೆ ಕೊಡಬೇಕೆಂಬ ಕಾಯ್ದೆ) ಸ್ವೀಕೃತಿ ಪಡೆಯಿರಿ. ವಿಲೇವಾರಿಯ ಕೊನೆಯ ದಿನ ಅದರಲ್ಲೇ ಇರುತ್ತದೆ. ಆ ದಿನ ಮೀರಿದರೆ ದಿನಕ್ಕೆ ₹20ರಂತೆ ₹500ರವರೆಗೆ ಪರಿಹಾರ ಕೇಳಬಹುದು, ಮೊತ್ತ ಚಿಕ್ಕದಾದರೂ ಅಧಿಕಾರಿಯ ಸಂಬಳದಿಂದ ಹೋಗುವಂಥದ್ದಾದ್ದರಿಂದ ಅದಕ್ಕೆ ಬೆಲೆಯಿದೆ.

4. ಮನವಿ

ತಾಲ್ಲೂಕು ಕಚೇರಿಯ ಕಟ್ಟಿನಲ್ಲಿರುವ ಪ್ರತಿಯೊಬ್ಬರಿಂದಲೂ ಒಂದು ಪುಟದ ಪ್ರತ್ಯೇಕ ಅರ್ಜಿ, ಎಲ್ಲದರ ಮೇಲೆ ಊರಿನ ಹೆಸರಿನಲ್ಲಿ ಒಂದು ಮುಖಪತ್ರ. ಮುಖಪತ್ರದಲ್ಲಿ ಭಾಷಣ ಬೇಡ, ಕೋಷ್ಟಕ ಇರಲಿ: ಹೆಸರು, ಆದೇಶ ಸಂಖ್ಯೆ, ನಿಂತ ತಿಂಗಳು, ಕಂಡುಬಂದ ಕಾರಣ, ಆಗಬೇಕಾದ ಕೆಲಸ. ‘ಬಾಕಿ ಕಂತುಗಳ ಸಹಿತ’ ಎಂಬ ಮೂರು ಪದ ಪ್ರತಿ ಅರ್ಜಿಯಲ್ಲೂ ಇರಲೇಬೇಕು. ಜೊತೆಗೆ ಆದೇಶದ ಜೆರಾಕ್ಸ್, ಪಾಸ್‌ಬುಕ್‌ನ ಮೊದಲ ಪುಟ ಮತ್ತು ಕೊನೆಯ ಜಮೆ ಇರುವ ಪುಟ.

ಸಾಹೇಬರ ಕೈಗೆ ಕೊಟ್ಟು ಫೋಟೊ ತೆಗೆಸಿಕೊಂಡರೆ ಅದು ದಾಖಲೆಯಾಗುವುದಿಲ್ಲ. ಟಪಾಲು ವಿಭಾಗಕ್ಕೆ ಕೊಟ್ಟು ಎರಡನೇ ಪ್ರತಿಯ ಮೇಲೆ ಮುದ್ರೆ, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಹಿಂದೇಟು ಹಾಕಿದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಅದರಲ್ಲೇ ಸೇರಿಹೋಗಿದೆ.

5. ಬೆನ್ನು ಹತ್ತುವುದು

1902ಕ್ಕೆ ಕರೆ ಮಾಡಿ ರಾಜ್ಯ ಸರ್ಕಾರದ ದೂರು ವ್ಯವಸ್ಥೆಯಾದ ಜನಸ್ಪಂದನದಲ್ಲಿ ದೂರು ದಾಖಲಿಸಿ. ಹೋಬಳಿಯಲ್ಲಿ ಪಿಂಚಣಿ ಅದಾಲತ್ (ಅಧಿಕಾರಿಗಳು ಪಿಂಚಣಿಯ ದೂರು ಕೇಳುವ ಸಭೆ) ಇದ್ದರೆ ಕಟ್ಟಿನ ಸಮೇತ ಹೋಗಿ. ಗ್ರಾಮಸಭೆಯಲ್ಲಿ ವಿಷಯ ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆದಿದ್ದನ್ನು ಕಣ್ಣಾರೆ ನೋಡಿಕೊಂಡೇ ಎದ್ದು ಬನ್ನಿ.

ತಿಂಗಳಾದರೂ ಅಲುಗಾಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ ₹10, ಬಿಪಿಎಲ್ ಕಾರ್ಡ್ ಇರುವವರಿಗೆ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಇದನ್ನು ಮರೆತು ಎರಡು ಪುಟ ತುಂಬಿದವರ ಅರ್ಜಿ ಹಾಗೇ ಹಿಂದೆ ಬರುತ್ತದೆ. ಊರವರೆಲ್ಲರ ಹೆಸರು ಕೇಳಿದರೆ ‘ವೈಯಕ್ತಿಕ ಮಾಹಿತಿ’ ಎಂದು ತಳ್ಳಿಹಾಕುತ್ತಾರೆ. ‘ಈ ಗ್ರಾಮ ಪಂಚಾಯಿತಿಯಲ್ಲಿ ಈ ಅವಧಿಯಲ್ಲಿ ಸ್ಥಗಿತಗೊಂಡ ಪಿಂಚಣಿಗಳ ಸಂಖ್ಯೆ, ಯೋಜನೆವಾರು ಮತ್ತು ಕಾರಣವಾರು’ ಎಂದು ಕೇಳಿ. ಪ್ರತ್ಯೇಕ ಕಡತ ಬೇಕಿದ್ದರೆ ಆ ಪಿಂಚಣಿದಾರರ ಹೆಸರಿನಿಂದಲೇ ಅರ್ಜಿ ಹೋಗಲಿ. ‘ಯಾಕೆ ನಿಲ್ಲಿಸಿದಿರಿ?’ ಎಂಬುದು ಪ್ರಶ್ನೆ, ‘ನಿಲ್ಲಿಸಿದ ಆದೇಶದ ದೃಢೀಕೃತ ನಕಲು’ ಎಂಬುದು ಮಾಹಿತಿ. ಎರಡನೆಯದನ್ನು ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಧರಣಿ ಮಾಡಲೇಬೇಕಾದರೆ ಈಗ ಮಾಡಿ. ಮುದ್ರೆ ಬಿದ್ದ ಪ್ರತಿಗಳು, ದಾಟಿದ ದಿನಾಂಕಗಳು ಕೈಯಲ್ಲಿವೆ. ವೃದ್ಧರನ್ನು ಮನೆಯಲ್ಲೇ ಬಿಟ್ಟು ಅವರ ಮಕ್ಕಳು, ಮೊಮ್ಮಕ್ಕಳು ಕೂತರೂ ನಡೆಯುತ್ತದೆ.

6. ಹಣ ಬಂದ ಮೇಲೆ

ಮೊದಲ ಜಮೆ ಬಂದ ಕೂಡಲೇ ಪುಟಕ್ಕೆ ಅಡ್ಡಗೆರೆ ಎಳೆಯಬೇಡಿ. ಸಾಮಾನ್ಯವಾಗಿ ಬರುವುದು ಚಾಲ್ತಿ ತಿಂಗಳಿನದು. ಬ್ಯಾಂಕಿನಿಂದ ತಿರುಗಿ ಹೋದ ಹಿಂದಿನ ಕಂತುಗಳಿಗೆ ತಾಲ್ಲೂಕು ಕಚೇರಿಯಿಂದ ಮತ್ತೆ ಬಿಲ್ ಆಗಬೇಕು, ಕೇಳದೆ ಅದು ಆಗುವುದಿಲ್ಲ. ನಿಂತ ತಿಂಗಳಿಂದ ಲೆಕ್ಕ ಹಾಕಿ, ತಿರುಗಿ ಹೋದ ಪ್ರತಿ ಕಂತಿನ ದಿನಾಂಕವನ್ನು ಡಿಬಿಟಿ ಆ್ಯಪ್‌ನಿಂದ ಬರೆದು, ಹಳೆಯ ಮನವಿಯ ಸ್ವೀಕೃತಿ ಸಂಖ್ಯೆ ನಮೂದಿಸಿ ಎರಡನೇ ಪತ್ರ ಕೊಡಿ. ಆರು ತಿಂಗಳ ಸಂಧ್ಯಾ ಸುರಕ್ಷಾ ಎಂದರೆ ₹7,200. ಅದು ಪಾಸ್‌ಬುಕ್‌ನಲ್ಲಿ ಬಿದ್ದ ಮೇಲೆ ಗೆರೆ ಎಳೆಯಿರಿ.